ಗಂಡ-ಹೆಂಡತಿ ಇಬ್ಬರೇ, ಎರಡು ಮಂಚ ಯಾಕೆ?

ಯುಗಾದಿ ಊಟವಿರಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಿರಲಿ, ಹೊರಗೆ ನಮ್ಮ ವ್ಯಾನು ನಿಂತಿದ್ದರೆ ನಾಲ್ಕು ಜನ ಹತ್ತಿ ನೋಡದೆ ಬಿಡುವುದಿಲ್ಲ. ನ್ಯೂಜೆರ್ಸಿಯಲ್ಲಿ ನಮ್ಮ ಪರಿಚಯದ ಕನ್ನಡದವರಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ವ್ಯಾನು, ಇಟ್ಟುಕೊಂಡವರು ನಾವೊಬ್ಬರೇ. ಹಾಗಾಗಿ ಕುತೂಹಲ ಜಾಸ್ತಿ. ಒಲೆ ನೋಡುತ್ತಾರೆ. ಫ್ರಿಜ್ಜಿನ ಬಾಗಿಲು ತೆಗೆದು ಹಾಕುತ್ತಾರೆ. ಬಾತ್‌ರೂಮಿಗೆ ಇಣುಕಿ "ಇಷ್ಟರಲ್ಲೇ ಸ್ನಾನಾನಾ?" ಅನ್ನುತ್ತಾರೆ. ಆಮೇಲೆ ಹಿಂಬದಿಗೆ ಹೋಗಿ, ಆ ಕಡೆಗೊಂದು ಈ ಕಡೆಗೊಂದು ಇರುವ ಕಿರಿದಾದ ಮಂಚಗಳನ್ನು ನೋಡಿ ದನಿ ತಗ್ಗಿಸುತ್ತಾರೆ.

"ಅಲ್ಲಾ ರೀ, ಹೋಗೋದು ನೀವಿಬ್ರೇ. ಎರಡು ಮಂಚ ಯಾಕ್ರೀ?"

ಒಬ್ಬ ಹಿರಿಯರಂತೂ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ಮನೇಲಿ ಎಲ್ಲಾ ಸರಿ ಇದೆ ಅಲ್ವಾ?" ಎಂದು ಕೇಳಿದರು. ಎಲ್ಲಾ ಸರಿ ಇದೆ. 31 ವರ್ಷದ ಸಂಸಾರ. ನನಗೆ 57, ನಮ್ಮೆಜಮಾನ್ರಿಗೆ 62. ಅವರು ರಾತ್ರಿ ಎರಡು ಸಲ ಏಳುತ್ತಾರೆ, ನಾನು ಒಂದು ಸಲ. ಉತ್ತರ ಇಷ್ಟೇ. ಆದರೆ ಈ ಉತ್ತರ ನಮಗೇ ಗೊತ್ತಾಗಲು ಒಂದು ರಾತ್ರಿಯ ನಿದ್ದೆ ಹಾಳಾಗಬೇಕಾಯಿತು.

ಕೊಳ್ಳುವ ಮೊದಲು ಒಂದು ವ್ಯಾನು ಬಾಡಿಗೆಗೆ ತಗೊಂಡು ವರ್ಜೀನಿಯಾದ ಶೆನಂಡೋವಾ ನ್ಯಾಷನಲ್ ಪಾರ್ಕಿಗೆ ಹೋಗಿದ್ದೆವು. ಅಕ್ಟೋಬರ್ ತಿಂಗಳು. ಬೆಟ್ಟದ ನೆತ್ತಿಯ ಮೇಲೇ ಸಾಗುವ ಸ್ಕೈಲೈನ್ ಡ್ರೈವ್ ರಸ್ತೆ 105 ಮೈಲಿ. ಎಲ್ಲೂ ಗಂಟೆಗೆ 35 ಮೈಲಿಗಿಂತ ವೇಗವಾಗಿ ಓಡಿಸುವಂತಿಲ್ಲ, ಓಡಿಸಬೇಕು ಅಂತ ಅನ್ನಿಸುವುದೂ ಇಲ್ಲ. ಎಲೆಗಳೆಲ್ಲ ಅರಿಶಿನ ಕುಂಕುಮ. ಬಿಗ್ ಮೆಡೋಸ್ ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಸಿಕ್ಕಿತ್ತು. ಅಲ್ಲಿಯವರೆಗೆ ಎಲ್ಲಾ ಚೆಂದ.

ಆ ವ್ಯಾನಿನಲ್ಲಿ ಮೂಲೆ ಮಂಚ. ಎರಡು ಕಡೆ ಗೋಡೆ, ಇಳಿಯಲು ಒಂದೇ ಕಡೆ ಜಾಗ. ಏಳುವವರು ಅವರು ಅಂತ ಹೊರಗಡೆ ಅವರಿಗೆ ಬಿಟ್ಟು, ಗೋಡೆ ಬದಿಗೆ ನಾನು ಮಲಗಿದೆ. ಅವರು ಎದ್ದಾಗಲೆಲ್ಲ ಹಾಸಿಗೆ ಅಲ್ಲಾಡಿ ನನಗೂ ಎಚ್ಚರ. ಎರಡು ಗಂಟೆಗೆ ನಾನೇ ಏಳಬೇಕಾಯಿತು. ಹೇಗೆ ಏಳಲಿ? ಮಲಗಿದವರನ್ನು ದಾಟಬಾರದು ಅಂತ ನಮ್ಮಜ್ಜಿ ಹೇಳಿ ಬೆಳೆಸಿದ್ದಾರೆ. ಚಿಕ್ಕಂದಿನಲ್ಲಿ ತಮ್ಮನನ್ನು ದಾಟಿದರೆ "ತಿರುಗಿ ದಾಟು, ಅವನು ಬೆಳೆಯಲ್ಲ" ಅಂತ ಬೈಸಿಕೊಂಡವಳು ನಾನು. ಕಾಲ ಬುಡದಿಂದ ತೆವಳಿಕೊಂಡು ಇಳಿಯಲು ಹೋಗಿ, ತಲೆ ಮೇಲಿನ ಕಪಾಟಿಗೆ ಹೊಡೆದು, ಮೊಣಕಾಲು ಅವರ ಕಾಲಿನ ಮೇಲೆ ಊರಿ... ಸಾಕು ಬಿಡಿ. ಬೆಳಿಗ್ಗೆ ಕಾಫಿ ಕುಡಿಯುವಾಗ ಇಬ್ಬರೂ ಮಾತಾಡಲಿಲ್ಲ. ಆ ಹಿರಿಯರು ಅಡುಗೆಮನೆಗೆ ಕರೆದು ಕೇಳಬೇಕಾಗಿದ್ದು ಆವತ್ತು!

ವ್ಯಾನು ನೋಡಲು ಹೋಗುವವರು ಎಲ್ಲರೂ ಹಗಲಿನ ಕಣ್ಣಲ್ಲಿ ನೋಡುತ್ತಾರೆ. ನಾವೂ ಹಾಗೇ ನೋಡಿದ್ದೆವು. ಸೋಫಾ ಹೇಗಿದೆ, ಕಿಟಕಿ ಎಷ್ಟು ದೊಡ್ಡದು, ಟಿವಿ ಎಲ್ಲಿ. ನಾನೀಗ ಕೇಳುವ ಮೊದಲ ಪ್ರಶ್ನೆಯೇ ಬೇರೆ. ರಾತ್ರಿ ಎರಡು ಗಂಟೆಗೆ, ದೀಪ ಹಾಕದೆ, ಇನ್ನೊಬ್ಬರನ್ನು ಮುಟ್ಟದೆ ಟಾಯ್ಲೆಟ್ಟಿಗೆ ಹೋಗಿ ಬರಬಹುದಾ? ಇದಕ್ಕೆ ಹೌದು ಅನ್ನುವ ಫ್ಲೋರ್‌ಪ್ಲಾನ್‌ಗಳನ್ನು (ಒಳಗೆ ಯಾವುದು ಎಲ್ಲಿ ಅನ್ನುವ ನಕ್ಷೆ) ಮಾತ್ರ ಮುಂದೆ ನೋಡುವುದು.

ಸ್ವಲ್ಪ ಇಂಚಿನ ಲೆಕ್ಕ ಹೇಳುತ್ತೇನೆ. ಅಮೆರಿಕದ ಚಿಕ್ಕ ಮೋಟರ್‌ಹೋಮ್‌ಗಳಲ್ಲಿ ಬಹಳಷ್ಟು ರ‍್ಯಾಮ್ ಪ್ರೊಮಾಸ್ಟರ್, ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್ ಎಂಬ ಮೂರು ವ್ಯಾನುಗಳ ಮೇಲೆ ಕಟ್ಟಿದವು. ನಮ್ಮದು ಪ್ರೊಮಾಸ್ಟರ್. ಅಂದರೆ ಯುರೋಪಿನ ಫಿಯಟ್ ಡುಕಾಟೊ, ಇಲ್ಲಿ ಬೇರೆ ಹೆಸರು. ಇದರ ಒಳಗಲ ತಗಡಿನಿಂದ ತಗಡಿಗೆ ಹೆಚ್ಚೆಂದರೆ 75 ಇಂಚು. ಚಳಿಗೆ ತಡೆ, ಅದರ ಮೇಲೆ ಹಲಗೆ ಎಲ್ಲಾ ಹೊಡೆದ ಮೇಲೆ ನಮ್ಮ ವ್ಯಾನಿನಲ್ಲಿ ಉಳಿದಿದ್ದು 70. ಒಂದೊಂದು ಮಂಚ 27 ಇಂಚು, ಎರಡಕ್ಕೆ 54. ಮಧ್ಯೆ ಓಡಾಡಲು 16 ಇಂಚು. ಅಷ್ಟರಲ್ಲಿ ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ ನಡೆಯಬೇಕು. ಆದರೆ ಯಾರನ್ನೂ ದಾಟಬೇಕಿಲ್ಲ.

27 ಇಂಚು ಸಾಕಾಗುತ್ತಾ ಅಂತ ಮುಂದಿನ ಪ್ರಶ್ನೆ. ಇಲ್ಲಿನ ಅಂಗಡಿಯಲ್ಲಿ ಸಿಗುವ, ಒಬ್ಬರು ಮಲಗುವ ಟ್ವಿನ್ ಹಾಸಿಗೆಯೇ 38 ಇಂಚು ಇರುತ್ತದೆ, ಅದಕ್ಕೆ ಹೋಲಿಸಿದರೆ ಕಮ್ಮಿಯೇ. ಆದರೆ ನಾವೆಲ್ಲ ಮೈಸೂರು–ಬೆಂಗಳೂರು–ಮುಂಬೈ ಅಂತ ಸ್ಲೀಪರ್ ಬರ್ತಿನಲ್ಲಿ ಮಲಗಿ ಓಡಾಡಿದವರು ತಾನೆ? ಅದಕ್ಕಿಂತ ಸ್ವಲ್ಪ ಅಗಲ ಅಂದುಕೊಳ್ಳಿ. ಮೇಲಾಗಿ ಒಬ್ಬೊಬ್ಬರಿಗೂ ಅವರದೇ ಹೊದಿಕೆ. ಅವರಿಗೆ ಸೆಕೆ, ನನಗೆ ಚಳಿ. ಮನೆಯಲ್ಲಿ ಒಂದೇ ಹೊದಿಕೆಗೆ ಎಳೆದಾಡುವ ನಾವು ವ್ಯಾನಿನಲ್ಲಿ ಪರಮ ಶಾಂತಿಯಿಂದ ಇರುತ್ತೇವೆ.

ಎತ್ತರದವರಿಗೆ ಇನ್ನೊಂದು ಮಾತು. ಕೆಲವು ವ್ಯಾನುಗಳಲ್ಲಿ ಹಿಂದೆ ಅಡ್ಡ ಮಂಚ ಇರುತ್ತದೆ. ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಇಬ್ಬರೂ ಒಟ್ಟಿಗೆ ಮಲಗುವುದು. ಉದ್ದಕ್ಕೆ ಜಾಗ ಉಳಿಯುತ್ತದೆ, ಮಂಚದ ಕೆಳಗೆ ಸೈಕಲ್ಲನ್ನೂ ತುರುಕಬಹುದು. ಆದರೆ ಆರಡಿ ಆಳಿಗೆ ತಲೆ ಒಂದು ಗೋಡೆಗೆ, ಪಾದ ಇನ್ನೊಂದು ಗೋಡೆಗೆ. ಸ್ಪ್ರಿಂಟರಿನ ಒಳಗಲ ಇನ್ನೂ ಕಡಿಮೆ. ಉದ್ದಕ್ಕೆ ಹಾಕಿದ ಮಂಚಕ್ಕೆ ಈ ತೊಂದರೆ ಇಲ್ಲ, ಬದಲಿಗೆ ವ್ಯಾನೇ ಉದ್ದ ಬೇಕು. ಜರ್ಮನಿಯಲ್ಲಿರುವ ನನ್ನ ತಂಗಿ ಹೇಳುವ ಪ್ರಕಾರ ಅಲ್ಲಿ ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. 5.99 ಮೀಟರಿನ ಡುಕಾಟೊ ತಗೊಂಡರೆ ಸಾಮಾನ್ಯವಾಗಿ ಅಡ್ಡ ಮಂಚ, 6.36 ಮೀಟರಿನದು ತಗೊಂಡರೆ ಎರಡು ಉದ್ದ ಮಂಚ. ಆ 37 ಸೆಂಟಿಮೀಟರಿಗೆ ಅಲ್ಲಿ ಗಂಡ-ಹೆಂಡಿರು ವಾರಗಟ್ಟಲೆ ಚರ್ಚೆ ಮಾಡುತ್ತಾರಂತೆ.

ಇಲ್ಲಿ ಉದ್ದದ ಚರ್ಚೆ ಬೇರೆ ಥರ. ಮೊಂಟಾನಾದ ಗ್ಲೇಸಿಯರ್ ಪಾರ್ಕಿನಲ್ಲಿ ಗೋಯಿಂಗ್-ಟು-ದ-ಸನ್ ಅನ್ನುವ ರಸ್ತೆ ಇದೆ. ಅದರ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ, ಬಂಪರೂ ಲೆಕ್ಕಕ್ಕೆ ಸೇರುತ್ತದೆ. ಅಗಲಕ್ಕೂ ಮಿತಿ ಇದೆ, ಅದರಲ್ಲಿ ಪಕ್ಕದ ಕನ್ನಡಿಯೂ ಸೇರುತ್ತದೆ. ಪ್ರೊಮಾಸ್ಟರಿನ ಅತಿ ಉದ್ದದ ಮಾದರಿ ಸುಮಾರು 20 ಅಡಿ 11 ಇಂಚು. ಉದ್ದದಲ್ಲಿ ಒಂದೇ ಇಂಚಿನಲ್ಲಿ ಪಾಸು! ಹಿಂದೆ ಸೈಕಲ್ ಸ್ಟ್ಯಾಂಡ್ ಸಿಕ್ಕಿಸಿದಿರೋ, ಫೇಲು. ನಾವಿನ್ನೂ ಅಲ್ಲಿಗೆ ಹೋಗಿಲ್ಲ. ಆದರೆ 24–25 ಅಡಿಯ, ಸ್ಪ್ರಿಂಟರ್ ಮೇಲೆ ಪೆಟ್ಟಿಗೆ ಕಟ್ಟಿದಂಥ ಮೋಟರ್‌ಹೋಮ್ ಬೇಡ ಅಂದಿದ್ದಕ್ಕೆ ಆ ರಸ್ತೆಯ ಆಸೆಯೂ ಒಂದು ಕಾರಣ. ಅವುಗಳಲ್ಲಿ ಮಂಚ ಅಗಲವಾಗಿರುತ್ತದೆ, ನಿಜ. ಆದರೆ ಮನೆ ಮುಂದೆ ನಿಲ್ಲಿಸಲು, ಪಟೇಲ್ ಬ್ರದರ್ಸ್ ಅನ್ನುವ ಭಾರತೀಯ ದಿನಸಿ ಅಂಗಡಿಗೆ ತರಕಾರಿ ತರಲು ಹೋಗಲು ನಮಗೆ ಚಿಕ್ಕದೇ ಬೇಕಿತ್ತು.

ಎರಡು ಮಂಚದ ಪ್ಲಾನಿನಲ್ಲೂ ಬಾತ್‌ರೂಮ್ ಎಲ್ಲಿದೆ ನೋಡಬೇಕು. ಕೆಲವದರಲ್ಲಿ ಮಧ್ಯೆ ಇರುತ್ತದೆ, ಹಿಂದಿನ ಬಾಗಿಲು ತೆರೆದರೆ ಮಂಚದಲ್ಲೇ ಕೂತು ಕೆರೆ ನೋಡಬಹುದು. ವಿನ್ನೆಬಾಗೊ ಕಂಪನಿಯ ಟ್ರವಾಟೊ 59ಕೆ ಮಾದರಿಯಲ್ಲಿ ಹಾಗಲ್ಲ. ಹಿಂದಿನ ಬಾಗಿಲಿಗೆ ಅಂಟಿಕೊಂಡು ಇಡೀ ಅಗಲಕ್ಕೆ ಬಾತ್‌ರೂಮ್, ಅದರ ಮುಂದೆ ಮಂಚಗಳು. ನೋಟ ಹೋಗುತ್ತದೆ, ಆದರೆ ರಾತ್ರಿ ಎರಡು ಹೆಜ್ಜೆಗೆ ಟಾಯ್ಲೆಟ್. ನನ್ನ ಓಟು ಹಿಂದಿನ ಬಾತ್‌ರೂಮಿಗೆ. ಕೆರೆಯನ್ನು ಕುರ್ಚಿ ಹಾಕಿಕೊಂಡು ಹೊರಗೇ ಕೂತು ನೋಡಬಹುದು ಅಲ್ವಾ? ಅಂದ ಹಾಗೆ ಈ ವ್ಯಾನುಗಳಲ್ಲಿ ಇರುವುದು ವೆಟ್ ಬಾತ್. ಶವರ್ ಬಿಟ್ಟರೆ ಕಮೋಡೂ ನೆನೆಯುತ್ತದೆ. ಅಮೆರಿಕದವರು ಇದನ್ನು ದೊಡ್ಡ ಕೊರತೆ ಅಂತ ದೂರುತ್ತಾರೆ. ನಮ್ಮೂರ ಬಾತ್‌ರೂಮು ಇನ್ನು ಹೇಗಿರುತ್ತದೆ? ಸ್ನಾನ ಆದ ಮೇಲೆ ನೆಲ ಒರೆಸಿಬಿಡಿ, ಇಲ್ಲದಿದ್ದರೆ ರಾತ್ರಿ ಕಾಲುಚೀಲ ಒದ್ದೆ.

ಸೇಲ್ಸ್‌ನವರು ಒಂದು ಆಸೆ ತೋರಿಸುತ್ತಾರೆ. "ನಡುವೆ ಈ ಹಲಗೆ ಇಟ್ಟು ಕುಶನ್ ಹಾಕಿದರೆ ಕಿಂಗ್ ಸೈಜ್ ಆಗುತ್ತೆ!" ಆಗುತ್ತದೆ. ನಾವು ಎರಡು ಸಲ ಮಾಡಿ ನೋಡಿದೆವು. ಸಂದು ಬೆನ್ನಿಗೆ ಒತ್ತುತ್ತದೆ, ಮಧ್ಯದ ಕುಶನ್ ತಗ್ಗುತ್ತದೆ, ಓಡಾಡುವ ದಾರಿಯೇ ಮುಚ್ಚಿಹೋಗಿ ಮತ್ತೆ ಕಾಲ ಬುಡದಿಂದ ತೆವಳಬೇಕು. ಈಗ ಆ ಕುಶನ್ ಮನೆಯ ಗರಾಜಿನಲ್ಲಿದೆ.

ಕೊರತೆ ಇಲ್ಲವೇ ಇಲ್ಲ ಅಂತಲ್ಲ. ಇಬ್ಬರೂ ಗೋಡೆಗೆ ಅಂಟಿಕೊಂಡೇ ಮಲಗುವುದರಿಂದ ಚಳಿಗಾಲದಲ್ಲಿ ಇಬ್ಬರಿಗೂ ಗೋಡೆ ತಣ್ಣಗೆ ತಾಗುತ್ತದೆ. ನಮ್ಮ ಉಸಿರಿನ ತೇವವೇ ತಣ್ಣನೆ ಗೋಡೆ, ಕಿಟಕಿಯ ಮೇಲೆ ನೀರಾಗಿ ಇಳಿಯುತ್ತದೆ. ಮೇಲಿನ ಫ್ಯಾನನ್ನು ಸಣ್ಣಗೆ ಹಾಕಿ, ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದು ಮಲಗಬೇಕು. ಇನ್ನು ಅಡುಗೆ. ಮಂಚದಿಂದ ಒಲೆಗೆ ಮೂರು ಅಡಿ. ಒಳಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ದಿಂಬಿಗೂ ಘಾಟು. ಈಗ ಒಗ್ಗರಣೆ ಏನಿದ್ದರೂ ಹೊರಗೆ, ಚಿಕ್ಕ ಒಲೆಯ ಮೇಲೆ. ಒಳಗೆ ಅನ್ನ, ಮೊಸರು, ಕಾಫಿ ಮಾತ್ರ.

ಸೀಟ್ ಬೆಲ್ಟ್ ಎಷ್ಟಿದೆ ಅಂತಲೂ ಎಣಿಸಿ. ಎರಡು ಮಂಚದ ಎಷ್ಟೋ ವ್ಯಾನುಗಳಲ್ಲಿ ಬೆಲ್ಟ್ ಇರುವುದು ಮುಂದಿನ ಎರಡು ಸೀಟಿಗೆ ಮಾತ್ರ. ಮಂಚದ ಮೇಲೆ ಕೂತು ಪ್ರಯಾಣ ಮಾಡುವ ಯೋಚನೆ ಬೇಡ.

ನಮ್ಮ ವ್ಯಾನಿನಲ್ಲೂ ಬೆಲ್ಟ್ ಎರಡೇ. ಹೋದ ಬೇಸಿಗೆಯಲ್ಲಿ ಮೈಸೂರಿಂದ ಅತ್ತೆ ಬಂದಾಗ ಇದೇ ಕಾರಣಕ್ಕೆ ಮೂವರೂ ಒಟ್ಟಿಗೆ ಹೋಗಲಾಗಲಿಲ್ಲ. ಅವರ ಮಗನಿಗೆ ರಜೆಯೂ ಇರಲಿಲ್ಲ. "ನಾವಿಬ್ರೇ ಹೋಗೋಣ ಬಾ" ಅಂದರು ಅತ್ತೆ. 79 ವರ್ಷ! ನಾನೇ ಓಡಿಸಿಕೊಂಡು ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್‌ಗೆ ಹೋದೆ. ಒಂದೇ ಕಣಿವೆಯಲ್ಲಿ 19 ಜಲಪಾತ. ಪ್ರೊಮಾಸ್ಟರಿಗೆ ಮುಂದಿನ ಚಕ್ರದ ಎಳೆತ, ನೆಲದಡಿ ಉದ್ದಕ್ಕೆ ಶಾಫ್ಟ್ ಇಲ್ಲ, ಹಾಗಾಗಿ ಒಳನೆಲ ತಗ್ಗು. ಒಂದು ಮೆಟ್ಟಿಲು ಸ್ಟೂಲ್ ಇಟ್ಟರೆ ಅತ್ತೆ ತಾವೇ ಹತ್ತಿ ಇಳಿದರು. ಸೊಸೆ ಜೊತೆ ಒಂದೇ ಮಂಚದಲ್ಲಿ ಮಲಗು ಅಂದಿದ್ದರೆ ಅವರೂ ಬರುತ್ತಿರಲಿಲ್ಲ, ನಾನೂ ಕರೆಯುತ್ತಿರಲಿಲ್ಲ. ಎರಡು ಮಂಚ ಇದ್ದರೆ ಅತ್ತೆ-ಸೊಸೆ ಹೋಗಬಹುದು, ಅಪ್ಪ-ಮಗ ಹೋಗಬಹುದು, ಹಳೇ ಗೆಳತಿಯರು ಹೋಗಬಹುದು. ಕೊಳ್ಳುವಾಗ ಇದು ನಮಗೆ ಹೊಳೆದೇ ಇರಲಿಲ್ಲ.

ಮೊದಲ ರಾತ್ರಿ ಅತ್ತೆ ದಿಂಬು ಹಿಡಿದು ನಿಂತೇ ಇದ್ದರು. "ಉತ್ತರ ಯಾವ ಕಡೆ?" ಫೋನಿನ ದಿಕ್ಸೂಚಿ ತೆಗೆದು ನೋಡಿದೆ. ವ್ಯಾನಿನ ಮೂತಿ ಸರಿಯಾಗಿ ಉತ್ತರಕ್ಕೆ. ಉತ್ತರಕ್ಕೆ ತಲೆ ಹಾಕುವಂತಿಲ್ಲ. ಉದ್ದ ಮಂಚದ ಇನ್ನೊಂದು ಸುಖ ಇದು: ದಿಂಬನ್ನು ಆ ತುದಿಗೆ ಎಸೆದರೆ ದಕ್ಷಿಣ. ಆದರೆ ಆ ಜಾಗ ಹಿಂದಕ್ಕೆ ಸ್ವಲ್ಪ ಇಳಿಜಾರು, ತಲೆ ಕೆಳಗಾಗುತ್ತದೆ. ಕತ್ತಲಲ್ಲಿ ಟಾರ್ಚ್ ಹಿಡಿದು, ಹಿಂದಿನ ಚಕ್ರಗಳ ಬುಡದಲ್ಲಿ ಪ್ಲಾಸ್ಟಿಕ್ ಬ್ಲಾಕ್ ಇಟ್ಟು, ಅದರ ಮೇಲೆ ವ್ಯಾನು ಹತ್ತಿಸಿ ಮಟ್ಟ ಮಾಡಿದೆ. ಅತ್ತೆ ಕಿಟಕಿಯಿಂದ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂತ ಕೈ ಮಾಡುತ್ತಿದ್ದರು. ರಾತ್ರಿ ಅವರು ಮೂರು ಸಲ ಎದ್ದರಂತೆ. ನನಗೆ ಗೊತ್ತಾಗಲೇ ಇಲ್ಲ.

ಕೊಳ್ಳುವ ಯೋಚನೆ ಇರುವವರು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ಆರ್‌ವಿ (ಮೋಟರ್‌ಹೋಮ್‌ನಂಥ ವಾಹನಗಳ) ಮೇಳಕ್ಕೆ ಹೋಗಿ ಬನ್ನಿ. ಬೇರೆ ಬೇರೆ ಪ್ಲಾನುಗಳನ್ನು ಒಂದೇ ದಿನ ನೋಡಬಹುದು. ಚಪ್ಪಲಿ ಬಿಟ್ಟು ಹತ್ತಿ. ಇಬ್ಬರೂ ನಿಜವಾಗಿ ಮಲಗಿ. ಕಣ್ಣು ಮುಚ್ಚಿ ಹತ್ತು ನಿಮಿಷ. ಆಮೇಲೆ ಒಬ್ಬರು ಎದ್ದು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಬರಬೇಕು, ಇನ್ನೊಬ್ಬರು ಮಲಗಿಯೇ ಇರಬೇಕು. ಇಬ್ಬರೂ ಎರಡೂ ಮಂಚದಲ್ಲಿ ಮಲಗಿ ನೋಡಿ, ಎಷ್ಟೋ ಸಲ ಒಂದು ಇನ್ನೊಂದಕ್ಕಿಂತ ಗಿಡ್ಡ ಇರುತ್ತದೆ. ಹೊರಗೆ ಕಾಯುತ್ತಿರುವವರು ನಗುತ್ತಾರೆ. ನಗಲಿ.

ಅತ್ತೆ ಈಗ ಮೈಸೂರಿನಲ್ಲಿದ್ದಾರೆ. ಭಾನುವಾರ ಫೋನ್ ಮಾಡಿದಾಗ ನಾವು ಎಲ್ಲಾದರೂ ಹೊರಟಿದ್ದೇವೆ ಅಂತ ಗೊತ್ತಾದರೆ ಕೇಳುತ್ತಾರೆ: "ಎಡಗಡೆ ಮಂಚ ನಂದು. ಯಾರು ಮಲಗ್ತಾ ಇದ್ದೀರಿ ಅದರಲ್ಲಿ?"