ಹೊಟ್ಟೆ ಕೆಳಗಿನ ಚಕ್ರ

ಇವತ್ತು ಸಂಜೆ ಕೋಲಾರಮ್ಮನ ಕೆರೆ ಕಡೆ ಮಾವನ ಜೊತೆ ಹೋಗಿದ್ದೆ. ಅಲ್ಲೊಂದು ಟ್ರ್ಯಾಕ್ಟರ್ ಕೆಸರಲ್ಲಿ ಹೂತುಕೊಂಡಿತ್ತು.

ಮಾವ ಸುಮ್ನೆ ನಿಂತು ನೋಡಿದರು. ಆಮೇಲೆ, ‘ನಮ್ಮ ಗಾಡಿಗೆ ಹೊಟ್ಟೆ ಕೆಳಗೂ ಚಕ್ರ ಇತ್ತು’ ಅಂದರು.

ಅವರು ಸೈನ್ಯದಲ್ಲಿ ಓಡಿಸುತ್ತಿದ್ದ ಬಿಆರ್‌ಡಿಎಂ-2. ಸೋವಿಯತ್ ಗಾಡಿ, ಸುಮಾರು 7 ಟನ್ ಉಕ್ಕು, ಒಳಗೆ 4 ಜನ. ಮುಂದೆ ಹೋಗಿ ಶತ್ರು ಎಲ್ಲಿದ್ದಾನೆ ಅಂತ ನೋಡಿ ಬರೋದು ಅದರ ಕೆಲಸ.

ಬೇವಿನ ಕಡ್ಡಿ ತಗೊಂಡು ಮಣ್ಣಲ್ಲಿ ಚಿತ್ರ ಬಿಡಿಸಿದರು. ನಾಲ್ಕು ದೊಡ್ಡ ಚಕ್ರ. ಅವುಗಳ ನಡುವೆ ನಾಲ್ಕು ಪುಟ್ಟ ಚಕ್ರ, ಆ ಕಡೆ ಎರಡು, ಈ ಕಡೆ ಎರಡು. ಮಾಮೂಲಿ ರಸ್ತೆಯಲ್ಲಿ ಮಡಚಿಕೊಂಡಿರುತ್ತವೆ. ಕಂದಕ ಬಂದರೆ ಕೆಳಗಿಳಿಯುತ್ತವೆ, ತಾವೂ ತಿರುಗುತ್ತವೆ. ಬೆಕ್ಕು ಕಾಲು ಚಾಚಿದ ಹಾಗೆ ಕಂಡಿತು ನನಗೆ.

ನೀರಿಗೂ ಇಳಿಯುತ್ತೆ. ಮುಂದೆ ಒಂದು ಹಲಗೆ ಎತ್ತಿ ಅಲೆ ತಡೆಯುತ್ತೆ, ಹಿಂದಿನಿಂದ ನೀರು ಚಿಮ್ಮಿಸಿ ಮುಂದೆ ಹೋಗುತ್ತೆ, ಗಂಟೆಗೆ ಸುಮಾರು 10 ಕಿಲೋಮೀಟರ್.

‘ನಮ್ಮೂರ ಕೆರೆ ತುಂಬಿದ್ದೇ ನೋಡಿರಲಿಲ್ಲ ಕಣೋ. ನೀರಿಗೆ ಗಾಡಿ ಇಳಿಸಿದ ದಿನ ಕೈ ನಡುಗಿತ್ತು’ ಅಂದರು. ಕೋಲಾರದ ಹುಡುಗನಿಗೆ ಹಾಗಾಗದೇ ಇನ್ನೇನು? ನನಗೆ ಗಂಟಲು ಕಟ್ಟಿತು. ಇಷ್ಟು ವರ್ಷದಲ್ಲಿ ಇದನ್ನ ನಾನು ಒಮ್ಮೆಯೂ ಕೇಳಿರಲಿಲ್ಲ.

ಆ ಗಾಡಿಯಲ್ಲಿ ಡ್ರೈವರ್ ಸೀಟಲ್ಲೇ ಕೂತು ಟೈರಿನ ಗಾಳಿ ಹೆಚ್ಚು ಕಡಿಮೆ ಮಾಡಬಹುದಂತೆ. ಕೆಸರಿಗೆ ಗಾಳಿ ಕಡಿಮೆ ಇದ್ದರೆ ಹಿಡಿತ ಜಾಸ್ತಿ.

ಅಷ್ಟು ಹೇಳಿ ಚಪ್ಪಲಿ ಬಿಟ್ಟು ಕೆಸರಿಗಿಳಿದರು. ಟ್ರ್ಯಾಕ್ಟರಿನ ಹಿಂದಿನ ಟೈರ್ ಹತ್ತಿರ ಕೂತರು. ಸ್ವಲ್ಪ ಹೊತ್ತಿಗೆ ಗಾಳಿ ಬಿಡುವ ಸುಯ್ ಅನ್ನೋ ಸದ್ದು ಕೇಳಿಸಿತು.