ದಾಶಿ, ಹನ್ನೊಂದನೇ ಪಾತ್ರೆ: ಕೊನೆಗೂ ತಿಳಿಯಾಯಿತು

ಕೊನೆಗೂ ಬಂತು! ಇವತ್ತು ಬೆಳಿಗ್ಗೆ ಒಸಾಕಾದ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಇಳಿಸಿದ ದಾಶಿ (ಜಪಾನಿ ಅಡುಗೆಗೆಲ್ಲ ಬುನಾದಿಯಾದ ತಿಳಿ ಸಾರು), ಬಟ್ಟಲಿನ ತಳದ ಹೂವು ಕಾಣುವಷ್ಟು ತಿಳಿಯಾಗಿತ್ತು. ಚಿಟಿಕೆ ಉಪ್ಪು ಹಾಕಿ ಸುಮ್ನೆ ಕುಡಿದೆ. ಇನ್ನೊಂದು ಬಟ್ಟಲು ಬಗ್ಗಿಸಿಕೊಂಡೆ.

ಅಳತೆ ಇಷ್ಟೇ: 1 ಲೀಟರ್ ನೀರಿಗೆ 10 ಗ್ರಾಂ ಕೊಂಬು (ಒಣಗಿಸಿದ ಸಮುದ್ರದ ಪಾಚಿ), 20 ಗ್ರಾಂ ಕತ್ಸುವೊಬುಶಿ (ಒಣ ಮೀನಿನ ಚೂರು). ಮೂರು ವಾರ ಕಾಡಿದ್ದು ಕೊಂಬು ಹಂತ. ಮೇಲೆಲ್ಲ ನೊರೆ, ನೀರು ಮಬ್ಬು, ರುಚಿ ಸಪ್ಪೆ. ಕುದಿ ಬರುವ ಮುಂಚೆಯೇ ತೆಗೆಯುತ್ತಿದ್ದೆ. ಥರ್ಮಾಮೀಟರ್ ಇಟ್ಟು 60 ಡಿಗ್ರಿಯಲ್ಲಿ ಒಂದು ಗಂಟೆ ಕಾದೆ. ಅದೇ ಕಥೆ. ಹಿದಾಕಾ ಎಂಬ ಬಗೆಯ ಕೊಂಬು ಬಿಟ್ಟು ದುಬಾರಿ ರಿಶಿರಿ ಕೊಂಬು ತಂದೆ. ಆಗಲೂ ಅದೇ ನೊರೆ.

ಇದರ ಮಧ್ಯೆ ಆನ್‌ಲೈನ್ ಅಂಗಡಿಯವರ ಕಾಟ ಬೇರೆ. ತೆಳು ಚೂರಿನ ಕತ್ಸುವೊಬುಶಿ ಕೇಳಿದರೆ ದಪ್ಪ ಚೂರು ಕಳಿಸಿದರು! ತೆಳುವಾದದ್ದು ಒಂದೆರಡು ನಿಮಿಷದಲ್ಲಿ ರಸ ಬಿಡುತ್ತದೆ. ದಪ್ಪದ್ದನ್ನು ಹತ್ತು ನಿಮಿಷವಾದರೂ ಕುದಿಸಬೇಕು. ಎರಡು ಪಾತ್ರೆ ಅದರಲ್ಲೇ ಹೋಯಿತು. ವಾಪಸ್ ತಗೊಳ್ಳಲೂ ಇಲ್ಲ.

ಗಂಟು ಬಿಚ್ಚಿದ್ದು ಅಮ್ಮ. ಫೋನಿನಲ್ಲಿ ಗೋಳು ಹೇಳಿಕೊಂಡೆ. ಮೊದಲು ಅವರಿಗೆ ಗಾಬರಿ: "ಕೊಂಬು ಹಾಕಿ ಸಾರಾ? ಯಾವ ಪ್ರಾಣಿದೋ?" ಸಮುದ್ರದ ಪಾಚಿ ಎಂದು ಬಿಡಿಸಿ ಹೇಳಿದ ಮೇಲೆ ಕೇಳಿದರು: "ನೀರು ಯಾವುದೋ? ಬೋರ್ ನೀರಲ್ಲಿ ಬೇಳೆನೇ ಬೇಯಲ್ಲ, ಇನ್ನು ಪಾಚಿ ರಸ ಬಿಡುತ್ತಾ?"

ಒಳ್ಳೆ ಸಾರಿಗೆ ಒಳ್ಳೆ ನೀರು ಎಂದು ನಾನು ಯುರೋಪಿನ ಬಾಟಲಿ ನೀರು ತರುತ್ತಿದ್ದೆ. ಲೇಬಲ್ ನೋಡಿದರೆ ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ, ಲೀಟರಿಗೆ 300 ಮಿಲಿಗ್ರಾಂ ದಾಟಿತ್ತು. ಬೇಳೆಯಲ್ಲಿ ಈ ಕ್ಯಾಲ್ಸಿಯಂ ಪೆಕ್ಟಿನ್ ಎಂಬ ಅಂಟನ್ನು ಹಿಡಿದುಕೊಂಡು ಬೇಯಲು ಬಿಡುವುದಿಲ್ಲ. ಕೊಂಬುವಿನಲ್ಲಿ ಪಾಚಿಯ ಲೋಳೆಯಾದ ಆಲ್ಜಿನಿಕ್ ಆಮ್ಲಕ್ಕೆ ಅಂಟಿಕೊಂಡು ನೊರೆ ಏಳಿಸುತ್ತದೆ, ರುಚಿ ಕೊಡುವ ಗ್ಲುಟಮೇಟ್ ಹೊರಗೆ ಬರಲು ಬಿಡುವುದಿಲ್ಲ. 1908ರಲ್ಲಿ ಜಪಾನಿ ರಸಾಯನಶಾಸ್ತ್ರಜ್ಞ ಕಿಕುನೇ ಇಕೆದಾ ಕೊಂಬು ದಾಶಿಯಿಂದಲೇ ಬೇರ್ಪಡಿಸಿ 'ಉಮಾಮಿ' ಎಂದು ಹೆಸರಿಟ್ಟ ರುಚಿ ಇದೇ ಅಲ್ವಾ?

ಅವತ್ತೇ ಎರಡು ಪಾತ್ರೆ ಇಟ್ಟೆ. ಒಂದೇ ರಿಶಿರಿ, ಅದೇ 60 ಡಿಗ್ರಿ, ಅದೇ ಒಂದು ಗಂಟೆ. ಒಂದಕ್ಕೆ ಬಾಟಲಿ ನೀರು, ಇನ್ನೊಂದಕ್ಕೆ ನಲ್ಲಿ ನೀರು. ಬಾಟಲಿಯದ್ದು ಮತ್ತೆ ಮಬ್ಬು. ನಲ್ಲಿಯದ್ದು ಎಳೆ ಹೊನ್ನಿನ ಬಣ್ಣ, ನಾಲಿಗೆ ಮೇಲೆ ತುಂಬಾ ಹೊತ್ತು ನಿಲ್ಲುವ ರುಚಿ. ಇಲ್ಲಿನ ನಲ್ಲಿ ನೀರು ಮೆದು. ಕಣ್ಣೆದುರೇ ಇತ್ತು, ಪುಕ್ಕಟೆಯಾಗಿ.

ಇನ್ನು ಶಿಯಿಟಾಕೆ ಅಣಬೆ! ಮುಂದಿನ ತಿಂಗಳು ಅಮ್ಮ ಬರುತ್ತಾರೆ, ಮೀನು ಮುಟ್ಟುವುದಿಲ್ಲ. ಕೊಂಬು, ಒಣ ಅಣಬೆ ಎರಡೇ ಹಾಕಿ ಬೌದ್ಧ ಮಠಗಳ ಅಡುಗೆಯ ದಾಶಿ ಮಾಡಬೇಕು. ಅಣಬೆಯನ್ನು ಫ್ರಿಜ್‌ನಲ್ಲಿ ರಾತ್ರಿಯಿಡೀ ನೆನೆಸಿ, ಆಮೇಲೆ ಬಿಸಿ ಮಾಡಬೇಕು. ಅದರ ರುಚಿಯ ಮೂಲವಾದ ಗ್ವಾನಿಲೇಟ್ ಹುಟ್ಟುವುದು ಬಿಸಿಯಾಗುವಾಗ. ಆರು ಅಣಬೆ ಈಗಲೇ ನೆನೆಯಲು ಹಾಕಿದ್ದೇನೆ, ನಲ್ಲಿ ನೀರಿನಲ್ಲಿ.