ವೈನರಿ ಸುತ್ತಾಟ: ಒಂದು ದಿನಕ್ಕೆ ಮೂರೇ ಸಾಕು, ಯಾಕೆಂದರೆ

‘ಒಂದೇ ದಿನದಲ್ಲಿ ಐದು ವೈನರಿ’ ಎಂಬ ಪ್ಯಾಕೇಜ್ ಕಂಡರೆ ದುಡ್ಡು ಕಟ್ಟುವ ಮುಂಚೆ ಒಂದು ಲೆಕ್ಕ ಹಾಕಿ. ಟೇಸ್ಟಿಂಗಿನಲ್ಲಿ, ಅಂದರೆ ವೈನರಿಯಲ್ಲಿ ಬಗೆಬಗೆಯ ವೈನ್ ರುಚಿ ನೋಡುವಾಗ, ಒಂದು ಸಲಕ್ಕೆ ಸುರಿಯುವುದು ಸಾಮಾನ್ಯವಾಗಿ 30ರಿಂದ 60 ಮಿಲಿ. ಅಗಲ ಗ್ಲಾಸಿನ ತಳದಲ್ಲಿ ಅದು ಏನೂ ಅಲ್ಲವೆಂಬಂತೆ ಕಾಣುತ್ತದೆ. ಒಂದು ಕಡೆ ಐದು ಬಗೆ, ತಲಾ 45 ಮಿಲಿ ಎಂದರೆ 225 ಮಿಲಿ. ಐದು ವೈನರಿ ಮುಗಿದಾಗ 1125 ಮಿಲಿ, ಸರಿಯಾಗಿ ಒಂದೂವರೆ ಬಾಟಲಿ! ಕೊನೆಯ ಎರಡು ಕಡೆ ಕುಡಿದದ್ದು ಏನೆಂದು ಮರುದಿನ ಯಾರಿಗೂ ನೆನಪಿರುವುದಿಲ್ಲ.

ಇಂಥ ಪ್ಯಾಕೇಜಿನ ಗುಂಪು ಬಸ್ಸು ನನ್ನ ಪ್ರಕಾರ ದಂಡ. ಹತ್ತಿಸಿಕೊಳ್ಳಲು ಊರೆಲ್ಲ ಸುತ್ತುವಷ್ಟರಲ್ಲಿ ನಾಲಿಗೆ ಚುರುಕಾಗಿರುವ ಬೆಳಗಿನ ಹೊತ್ತು ಕಳೆದಿರುತ್ತದೆ. ಒಂದು ಟೇಸ್ಟಿಂಗಿಗೆ ಗಂಟೆ ಬೇಕು, ಬಸ್ಸು ಕೊಡುವುದು ಅರ್ಧ ಗಂಟೆ. ಹೊರಡುವ ಮುಂಚೆ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ: ಯಾವ ಯಾವ ವೈನರಿ? ಟೇಸ್ಟಿಂಗ್ ಶುಲ್ಕ ಸೇರಿದೆಯೋ, ಬರೀ ಪ್ರವೇಶವೋ? ‘ಆಯ್ದ ವೈನರಿಗಳು’ ಎಂದಷ್ಟೇ ಹೇಳಿದರೆ, ಆಯ್ಕೆ ಕಮಿಷನ್ ನೋಡಿ ಆಗಿರಬಹುದು. ನಾಲ್ವರಿದ್ದರೆ ಚಾಲಕನ ಸಮೇತ ಕಾರು ಹಿಡಿಯುವುದೇ ಲೇಸು.

ನಾವೇ ಓಡಿಸುತ್ತೇವೆ ಎನ್ನುವವರಿಗೆ: ಶೇ 13ರ ವೈನ್ 225 ಮಿಲಿ ಎಂದರೆ ಸುಮಾರು 23 ಗ್ರಾಂ ಆಲ್ಕೋಹಾಲ್. ದೇಹ ಅದನ್ನು ಕರಗಿಸುವುದು ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಕಾಫಿ, ತಣ್ಣೀರು ಸ್ನಾನ ಯಾವುದೂ ಈ ವೇಗ ಹೆಚ್ಚಿಸುವುದಿಲ್ಲ. 100 ಮಿಲಿ ರಕ್ತದಲ್ಲಿ ಭಾರತದ ಮಿತಿ 30 ಮಿಗ್ರಾಂ, ಫ್ರಾನ್ಸಿನಲ್ಲಿ ಸಾಮಾನ್ಯ ಚಾಲಕರಿಗೆ 50. ಓಡಿಸುವವರು ಕುಡಿಯದಿರುವುದೊಂದೇ ದಾರಿ.

ಮಿಕ್ಕವರು ಉಗುಳಲು ಕಲಿಯಿರಿ. ಮೇಜಿನ ಮೇಲಿನ ಬಕೆಟ್ ಇರುವುದೇ ಅದಕ್ಕೆ. ದಿನವಿಡೀ ರುಚಿ ನೋಡುವ ವೃತ್ತಿಯವರೆಲ್ಲ ಉಗುಳುತ್ತಾರೆ, ಸುರಿದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಗುಟುಕನ್ನು ಹತ್ತು ಸೆಕೆಂಡು ಬಾಯಲ್ಲಿ ಆಡಿಸಿ, ತುಟಿ ಕಿರಿದು ಮಾಡಿ, ಬಕೆಟ್ಟಿನ ಹತ್ತಿರ ಬಗ್ಗಿ ಉಗುಳಿದರೆ ಅಂಗಿ ಉಳಿಯುತ್ತದೆ. ಬಿಳಿ ಅಂಗಿಯಂತೂ ಬೇಡ. ಸೆಂಟು ಬೇಡವೇ ಬೇಡ, ಪಕ್ಕದವರ ಗ್ಲಾಸಿನ ಪರಿಮಳವನ್ನೂ ಅದು ನುಂಗುತ್ತದೆ.

ದಿನದ ಮೊದಲ ಗ್ಲಾಸಿನ ರುಚಿ ಮಂಕಾಗಿದ್ದರೆ ‘ಬಾಟಲಿ ತೆರೆದದ್ದು ಯಾವಾಗ?’ ಎಂದು ಕೇಳಿ. ನಿನ್ನೆ ತೆರೆದು ಗಾಳಿ ತಿಂದದ್ದಿರಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ, ನಿಮ್ಮ ಮೂಗಿನದಲ್ಲ. ಬೇರೆ ಬಾಟಲಿ ತೆರೆಯಲು ಹೇಳಬಹುದು.

ಜೊತೆಗೆ ಬರುವ ಚೀಸ್ ತಟ್ಟೆಯ ಬಗ್ಗೆ ಎಚ್ಚರ. ಚೀಸಿನ ಕೊಬ್ಬು ಮತ್ತು ಪ್ರೋಟೀನು ಕೆಂಪು ವೈನಿನ ಒಗರನ್ನು ಮೆತ್ತಗೆ ಮಾಡುತ್ತವೆ, ಸಾಧಾರಣ ವೈನೂ ಸೊಗಸಾಗುತ್ತದೆ. ‘ಸೇಬು ತಿಂದು ಕೊಳ್ಳು, ಚೀಸು ಕೊಟ್ಟು ಮಾರು’ ಎಂಬುದು ವೈನ್ ವ್ಯಾಪಾರದ ಹಳೇ ಮಾತು. ಕೊಳ್ಳುವ ಮನಸ್ಸಿದ್ದರೆ ಮೊದಲು ನೀರು, ಸಪ್ಪೆ ಬ್ರೆಡ್ ಜೊತೆ ರುಚಿ ನೋಡಿ, ಚೀಸ್ ಆಮೇಲೆ.

ಆದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಮಧ್ಯಾಹ್ನದ ಊಟಕ್ಕೆ ವೈನರಿಯ ರೆಸ್ಟೋರೆಂಟ್ ಬಿಟ್ಟು ಊರೊಳಗೆ ನಡೆಯಿರಿ. ತೋಟದಲ್ಲಿ ಕೆಲಸ ಮಾಡುವವರು ಉಣ್ಣುವ ಚಿಕ್ಕ ಹೋಟೆಲಿನಲ್ಲಿ ಊಟ ಬಿಸಿ, ಬೆಲೆ ಹಗುರ, ಮೆನು ಒಂದೇ ಪುಟ. ಬಳ್ಳಿಸಾಲಿನ ನೋಟ ಸಿಗುವುದಿಲ್ಲ, ನಿಜ. ಬಳ್ಳಿಗಳನ್ನು ಬೆಳಿಗ್ಗೆಯಿಂದ ನೋಡಿದ್ದು ಸಾಲದೇ? ತಡವಾದರೆ ಅಲ್ಲಿ ಅಡುಗೆ ಖಾಲಿ, ಹಾಗಾಗಿ ಎರಡನೇ ವೈನರಿಯನ್ನು ಊಟಕ್ಕೆ ಮುಂಚೆಯೇ ಮುಗಿಸಿ.

ಜೇಬಿಗೆ ಕತ್ತರಿ ಬೀಳುವುದು ಕೊನೆಯ ಕೌಂಟರಿನಲ್ಲಿ. ‘ಸದಸ್ಯರಾದರೆ ಇವತ್ತಿನ ಟೇಸ್ಟಿಂಗ್ ಉಚಿತ’ ಎನ್ನುತ್ತಾರೆ. ಸದಸ್ಯತ್ವ ಎಂದರೆ ಅವರು ಆಗಾಗ ಕಳಿಸುವ ಬಾಟಲಿಗಳನ್ನು ಕೊಳ್ಳುವ ಒಪ್ಪಂದ. ವರ್ಷಕ್ಕೆ ಎಷ್ಟು ಸಲ, ಎಷ್ಟು ಬಾಟಲಿ, ಸಾಗಣೆ ಖರ್ಚು ಯಾರದ್ದು, ಕಾರ್ಡಿನಿಂದ ಹಣ ತಾನಾಗಿ ಕಡಿತವಾಗುತ್ತದೆಯೇ, ಬಿಡುವುದು ಹೇಗೆ – ಇವೆಲ್ಲ ಸಣ್ಣಕ್ಷರದಲ್ಲಿರುತ್ತವೆ. ಕುಡಿದ ದಿನ ಸಹಿ ಹಾಕಬೇಡಿ. ಒಂದೆರಡು ಬಾಟಲಿ ಕೊಂಡರೆ ಶುಲ್ಕ ಬಿಡುವ ಕಡೆಗಳೂ ಇವೆ, ಅದನ್ನು ಕೂರುವ ಮುಂಚೆ ಕೇಳಿಕೊಳ್ಳಿ.

ಕೊಂಡದ್ದನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿಟ್ಟರೆ ವೈನ್ ಹಿಗ್ಗಿ ಕಾರ್ಕ್ ಮೇಲೇಳುತ್ತದೆ, ಒಳಗಿನದು ಬೆಂದಂತಾಗುತ್ತದೆ. ಥರ್ಮೋಕೋಲ್ ಪೆಟ್ಟಿಗೆ ಒಯ್ಯಿರಿ, ಇಲ್ಲದಿದ್ದರೆ ಖರೀದಿಯನ್ನೆಲ್ಲ ಕೊನೆಯ ವೈನರಿಗೆ ಇಟ್ಟುಕೊಳ್ಳಿ.